ಸಿಂಹದ ಹಿಂಭಾಗ

ಮಾರ್ಚ್ ಒಂಬತ್ತು, ಸೋಮವಾರ ಬೆಳಿಗ್ಗೆ ಸರ್ ಪಿಯರ್ಸ್ ಕಾರ್ಲೆನೊ ಠಾಣೆಗೆ ಬಂದು, ಯಾರೂ ಹೇಳುವ ಮೊದಲೇ ಕುರ್ಚಿ ಎಳೆದುಕೊಂಡರು.

"ನಮ್ಮ ವಂಶದ ಲಾಂಛನದ ಕಲ್ಲು ಕಳುವಾಗಿದೆ. 1588ರದು. ಆ ಬಂಗಲೆ ನಾನೂರು ವರ್ಷದಿಂದ ನಮ್ಮದು, ಗೊತ್ತಲ್ಲ?"

ಇನ್‌ಸ್ಪೆಕ್ಟರ್ ಡೆನ್ಜಿಲ್ ಟಾಂಕಿನ್‌ಗೆ ಗೊತ್ತಿತ್ತು. ಕಾರ್ನ್‌ವಾಲಿನ ಆ ಮೂಲೆಯಲ್ಲಿ ಹುಟ್ಟಿದವರಿಗೆ ಅದನ್ನು ಮರೆಯಲು ಕಾರ್ಲೆನೊಗಳು ಬಿಟ್ಟಿರಲಿಲ್ಲ. ಹಿಂದೆ ಯುದ್ಧವಾದಾಗ ಅಣ್ಣ ರಾಜನಿಗೆ, ತಮ್ಮ ರಾಜನ ಶತ್ರುವಿಗೆ ಸಲಾಮು ಹೊಡೆದು ಮನೆ ಉಳಿಸಿಕೊಂಡರು. ಆಮೇಲಿನವರು ತವರದ ಗಣಿ ತೋಡಿಸಿದರು. ತಾವು ಮಾತ್ರ ಇಳಿಯಲಿಲ್ಲ. ಈಗಿನವರು ಪ್ರವಾಸಿಗರಿಗೆ ಟಿಕೆಟ್ ಹರಿಯುತ್ತಿದ್ದರು.

ಎಫ್‌ಐಆರ್ ದಾಖಲಾಯಿತು. ಸ್ಥಳ ಪಂಚನಾಮೆಗೆ ಹೋದಾಗ ಕಾನ್‌ಸ್ಟೇಬಲ್ ಕೆರೆನ್ಸಾ, ಕಲ್ಲು ಕೂರಿಸಿದ್ದ ಹಜಾರದ ಒಲೆಯ ಮುಂದೆ ಮಂಡಿಯೂರಿದಳು. ಹೊಗೆಗೂಡಿನ ರಿಪೇರಿ ನಡೆದಿತ್ತು, ನೆಲವೆಲ್ಲ ಮಸಿ.

"ಸಾರ್, ಚಹಾ ತಳ್ಳುಗಾಡಿಯ ಗಾಲಿ ಗುರುತು."

"ಗಾಡಿ ಯಾರದು?"

"ಲವ್‌ಡೇ ಪಾಸ್ಕೊ ಅಂತ, ಇಲ್ಲಿ ಚಹಾ ಕೊಡೋಳು," ಎಂದರು ಸರ್ ಪಿಯರ್ಸ್. "ಮಂಕು ಮುದುಕಿ. ಕದಿಯೋಕೂ ಬುದ್ಧಿ ಬೇಕಲ್ರೀ!"

ಮಸಿಯ ಗೆರೆ ಬಾಗಿಲು ದಾಟಿ ಪಕ್ಕದ ಚರ್ಚಿನ ಸ್ಮಶಾನಕ್ಕೆ ಹೋಗಿತ್ತು. ಮೂವರೂ ಅದರ ಜಾಡು ಹಿಡಿದು ಹೋದರೆ, ಗೋರಿಗಳ ನಡುವೆ ಸ್ಲೇಟು ಕಲ್ಲು ನೆಟ್ಟಗೆ ನಿಂತಿತ್ತು. ಪಕ್ಕದಲ್ಲಿ ಕುಳಿತು ಲವ್‌ಡೇ ಮಾಂಸದ ಕಡುಬು ತಿನ್ನುತ್ತಿದ್ದಳು.

"ಬಾರಪ್ಪಾ ಡೆನ್ಜಿಲ್. ತಡ ಮಾಡ್ದೆ."

"ನೀವೇ ತಂದ್ರಾ, ಲವ್‌ಡೇ ಅಮ್ಮ?"

"ಇನ್ಯಾರು, ಇವ್ರ ತಾತನ ದೆವ್ವಾನಾ? ಗಾರೆಯವ್ರು ಇಳಿಸಿಟ್ಟಿದ್ರು. ಒರೆಸೋಕೆ ಹೋದೆ, ಹಿಂದುಗಡೆ ಕಣ್ಣಿಗೆ ಬಿತ್ತು. ಓದು."

ಟಾಂಕಿನ್ ಓದಿದ. ಜಾಗೊ ಪಾಸ್ಕೊ. ಕಾರ್ಲೆನೊ ಗಣಿ ಕುಸಿದು ಸತ್ತವನು. 1841. ಸುತ್ತಿ ಹೋಗಿ ನೋಡಿದರೆ ಸಿಂಹ, 1588.

"ನಮ್ಮಜ್ಜನ ಅಜ್ಜ. ಅವನ ಗೋರಿಗೆ ಕಲ್ಲಿಲ್ವಲ್ಲ ಅಂದ್ರೆ, ಬಡವ್ರಿಗೆಲ್ಲಿಯ ಕಲ್ಲು ಅಂತ ನಗ್ತಿದ್ರು ಈ ಮಹಾನುಭಾವ್ರು. ಕಿತ್ಕೊಂಡು ಹೋಗಿ ಬೆನ್ನಿಗೆ ಸಿಂಹ ಕೆತ್ಸಿದ್ದು ಇವ್ರ ಮನೆಯವ್ರೇ."

ಸರ್ ಪಿಯರ್ಸ್ ಮುಖ ಬಿಳಿಚಿತು. "ದೂರು ವಾಪಸ್ ತಗೋತೀನಿ. ಕಲ್ಲು ಮನೆಗೆ ಕಳಿಸಿಬಿಡಿ."

"ಅದೀಗ ಮುದ್ದೆಮಾಲು ಸ್ವಾಮಿ. ಕೋರ್ಟಿಗೇ ಹೋಗೋದು." ಟಾಂಕಿನ್ ಜಪ್ತಿ ಪಂಚನಾಮೆ ಬರೆಸತೊಡಗಿದ. "ಬರ್ಕೊ ಕೆರೆನ್ಸಾ. ಮುಂಭಾಗ, ಜಾಗೊ ಪಾಸ್ಕೊ. ಹಿಂಭಾಗ, ಸಿಂಹ."

ಹನ್ನೊಂದೂವರೆಗೆ ಲವ್‌ಡೇಯ ಬಂಧನವಾಯಿತು. ಜೀಪು ಹತ್ತುವಾಗ ಅವಳು ಕೇಳಿದಳು:

"ಕೋರ್ಟಲ್ಲಿ ಎರಡೂ ಕಡೆ ಓದ್ತಾರೇನಪ್ಪಾ? ಜೋರಾಗಿ?"

"ಓದ್ತಾರೆ."

ಸರ್ ಪಿಯರ್ಸ್ ಸಿಂಹದ ಕತೆ ಹೇಳುತ್ತಿದ್ದಷ್ಟು ಕಾಲವೂ ಅವಳು ಆ ಒಲೆಯ ಮುಂದೆ ಚಹಾ ಬಗ್ಗಿಸಿದ್ದಳು. ಮಸಿ ಹತ್ತಿದ ಗಾಲಿಯನ್ನು ಅವಳು ಒರೆಸದೆ ಬಿಟ್ಟದ್ದೇಕೆಂದು ಟಾಂಕಿನ್ ಕೇಳಲಿಲ್ಲ.