ಐದು ಸಲ ಇಪ್ಪತ್ತು

"ಸತ್ರೂ ಕ್ಷಮೆ ಕೇಳಲ್ಲ ಖಾಲಾ!" ಎನ್ನುತ್ತ ಅಂಬ್ರೀನ್ ಹಸಿರು ದಾಳವೊಂದನ್ನು ಕಮರುನ್ನೀಸಾ ಟೀಚರ ಊಟದ ಮೇಜಿನ ಮೇಲೆ ಕುಕ್ಕಿದಳು. ಹಿಂದೆ ನಿಂತಿದ್ದ ವಸಂತನಿಗೆ ಭೂಮಿ ಬಾಯಿಬಿಟ್ಟರೆ ಇಳಿದುಬಿಡೋಣ ಎನಿಸಿತು. ಅವಳ ವಿರುದ್ಧ ಕೈ ಎತ್ತಿ ಓಟು ಹಾಕಿದವರಲ್ಲಿ ಅವನೂ ಒಬ್ಬ.

ಕಮ್ಮನಹಳ್ಳಿಯ ಆ ಮನೆಯ ಮಹಡಿಯಲ್ಲಿ ಹದಿನಾಲ್ಕು ಭಾನುವಾರಗಳಿಂದ ಆಟ ನಡೆದಿತ್ತು. ಅಂಬ್ರೀನ್ ಕತೆ ಕಟ್ಟಿ ರಾಕ್ಷಸರನ್ನು ಆಡಿಸುತ್ತಿದ್ದಳು. ವಸಂತ, ಪದ್ಮಶ್ರೀ, ಸೈಫ್ ಒಬ್ಬೊಬ್ಬ ವೀರನಾಗಿ ಎದುರಿಸುತ್ತಿದ್ದರು. ಏಟು ಬಿತ್ತೋ ಇಲ್ಲವೋ ಎಂದು ತೀರ್ಮಾನಿಸುವುದು ಇಪ್ಪತ್ತು ಮುಖದ ದಾಳ; ಇಪ್ಪತ್ತೇ ಬಿದ್ದರೆ ಏಟು ತಪ್ಪುವುದೇ ಇಲ್ಲ. ಕಳೆದ ಭಾನುವಾರ ಚಹಾ ಮುಗಿಸಿ ಕೂತಮೇಲೆ ಘಟಸರ್ಪಕ್ಕೆ ಸತತ ಐದು ಸಲ ಇಪ್ಪತ್ತು ಬಿತ್ತು. ಇಬ್ಬರು ವೀರರು ಮಣ್ಣುಮುಕ್ಕಿದರು. ಸೈಫನ ಯೋಧ ಅರೆಜೀವವಾಗಿ ಉಳಿದ. ಅಂಬ್ರೀನ್ ಮೋಸ ಮಾಡಿದ್ದಾಳೆ, ಕ್ಷಮೆ ಕೇಳಲಿ, ಇಲ್ಲವೇ ಆಟ ನಡೆಸುವ ಜಾಗ ಬಿಡಲಿ ಎಂದು ಮೂವರೂ ಕೈ ಎತ್ತಿದರು.

ಟೀಚರ್ ನಿವೃತ್ತರಾದ ಮೇಲೂ ಬೀದಿಯಲ್ಲಿ ಸರ ಕಳೆದರೆ ಜನ ಮೊದಲು ಅವರ ಬಾಗಿಲನ್ನೇ ತಟ್ಟುತ್ತಿದ್ದರು. "ರಾಕ್ಷಸರು ನಂಗೊತ್ತಿಲ್ಲ, ಲೆಕ್ಕ ಗೊತ್ತು," ಎಂದರು ಟೀಚರ್. "ಸರ್ಪಕ್ಕೆ ಎಷ್ಟು ಬಲ ಅಂತ ಹೇಗೆ ನಿರ್ಧಾರ ಮಾಡ್ತೀಯ?"

"ಮನೇಲಿ ಎರಡೂ ಕಡೆ ನಾನೇ ಹತ್ತು ಸಲ ಆಡ್ತೀನಿ. ವೀರರು ಏಳು ಸಲ ಗೆದ್ರೆ ಮಾತ್ರ ಇಲ್ಲಿಗೆ ತರ್ತೀನಿ. ಹತ್ತಕ್ಕೆ ಹತ್ತೂ ಗೆದ್ರೆ ಆಟ ಸಪ್ಪೆ."

"ಈ ದಾಳ?"

"ನಂದಲ್ಲ. ನಂದರಲ್ಲಿ ಏಳರ ಮೇಲೆ ಮೆಹಂದಿ ಕಲೆ ಇತ್ತು. ಹೇಳಿದ್ರೆ, ಕತೆ ಕಟ್ತೀಯ ಅಂದ್ರು!"

ನಾಲ್ವರೂ ಕಮರ್ಷಿಯಲ್ ಸ್ಟ್ರೀಟಿನ ಒಂದೇ ಅಂಗಡಿಯಲ್ಲಿ ಒಂದೇ ಬಗೆಯ ಹಸಿರು ದಾಳ ಕೊಂಡಿದ್ದರು. ಒಬ್ಬರ ದಾಳ ಇನ್ನೊಬ್ಬರು ಮುಟ್ಟಿದರೆ ಅದೃಷ್ಟ ಹಾರಿಹೋಗುತ್ತದೆ ಎಂಬುದು ಅವರ ಗಟ್ಟಿ ನಂಬಿಕೆ. ಓದಿದವರ ಮೂಢನಂಬಿಕೆಗೆ ಮದ್ದಿಲ್ಲ. ಹಾಗಾಗಿ ಅಂಬ್ರೀನ್ ಎಸೆದ ದಾಳವನ್ನು ಬೇರೆ ಯಾರೂ ಕೈಗೆತ್ತಿ ನೋಡಿರಲಿಲ್ಲ. ಟೀಚರ್ ಆ ದಾಳವನ್ನೂ, ಪ್ರತಿ ಸರದಿಯನ್ನು ವಸಂತ ಬರೆದಿಡುತ್ತಿದ್ದ ನೋಟ್‌ಬುಕ್ಕನ್ನೂ ಇಟ್ಟುಕೊಂಡರು.

ಭಾನುವಾರ ಎಲ್ಲರೂ ಸೇರಿದಾಗ ಮೇಜಿನ ಮೇಲೆ ಬೋಗುಣಿ ತುಂಬ ಉಪ್ಪುನೀರಿತ್ತು.

"ಮೊದಲು ಸರ್ಪ," ಎಂದರು ಟೀಚರ್. "ಬೇರೆ ದಾಳ ತಂದು, ಅಂಬ್ರೀನ್ ಬರೆದಿಟ್ಟ ಬಲದಲ್ಲೇ ಹತ್ತು ಸಲ ಆಡಿದೆ. ವೀರರು ಆರು ಸಲ ಗೆದ್ರು. ಒಂದು ಹೆಚ್ಚುಕಮ್ಮಿ ಅಷ್ಟೆ, ಅವಳ ಲೆಕ್ಕ ಸರಿ. ಇನ್ನು ದಾಳ ನೋಡಿ." ಅಂಬ್ರೀನ್ ಕೊಟ್ಟ ಹಸಿರು ದಾಳ ನೀರಿಗೆ ಬಿದ್ದು ತೇಲಿತು. ಎಷ್ಟು ಕದಡಿದರೂ ಇಪ್ಪತ್ತೇ ಮೇಲೆ ಬಂತು. "ಆ ಮುಖದ ಹಿಂದೆ ಕೊರೆದು ಟೊಳ್ಳು ಮಾಡಿದಾರೆ. ಹಗುರ ಕಡೆ ಮೇಲೇಳುತ್ತೆ."

"ಅವಳೇ ಮಾಡಿರಬಹುದಲ್ವಾ ಆಂಟಿ?" ಎಂದ ಸೈಫ್.

"ಮಾಡಿದವರಿಗೆ ಸರ್ಪದ ಏಟು ತಪ್ಪಲ್ಲ ಅಂತ ಮೊದಲೇ ಗೊತ್ತಿರಬೇಕು. ನೋಟ್‌ಬುಕ್ ಪ್ರಕಾರ ನಿನ್ನ ಯೋಧ ಹದಿಮೂರು ವಾರ ಎಲ್ಲರಿಗಿಂತ ಮುಂದೆ ನುಗ್ಗಿದ. ಅವತ್ತು ಸರ್ಪ ಒಂದು ಏಟೂ ಹೊಡೆಯೋ ಮೊದಲೇ ಕಂಬದ ಹಿಂದೆ ನಿಂತು ರಕ್ಷೆಯ ಔಷಧಿ ಕುಡಿದ. ಯಾಕಪ್ಪ? ನಿನ್ನ ದಾಳ ತೋರ್ಸು."

"ಬೇರೆಯವರು ಮುಟ್ಟೋ ಹಾಗಿಲ್ಲ."

"ನಾನು ಮುಟ್ಟಲ್ಲ. ಏಳು ಮೇಲೆ ಬರೋ ಹಾಗೆ ತಿರುಗಿಸಿಡು."

ಸೈಫನಿಗೆ ಬೇರೆ ದಾರಿಯಿರಲಿಲ್ಲ, ತಿರುಗಿಸಿಟ್ಟ. ಬಿಳಿ ಅಂಕಿಯ ಮೇಲೆ ಕಿತ್ತಳೆ ಕಲೆ ಎದ್ದು ಕಂಡಿತು. ತನ್ನ ದಾಳ ಕೊರೆದು, ಚಹಾ ಹೊತ್ತಿನಲ್ಲಿ ಅದಲುಬದಲು ಮಾಡಿ, ಅಂಬ್ರೀನಳ ದಾಳವನ್ನೇ ತನ್ನದಾಗಿಸಿಕೊಂಡಿದ್ದ. ಯಾರೂ ಮುಟ್ಟುವುದಿಲ್ಲವೆಂಬ ಧೈರ್ಯದಲ್ಲಿ, ಅವಳು ಕಲೆಯ ಮಾತೆತ್ತಿದ ಮೇಲೂ ಅದನ್ನು ಸರಿಯಾಗಿ ನೋಡಿರಲಿಲ್ಲ.

"ಅವಳ ಆಟದಲ್ಲಿ ಎಲ್ಲರಿಗೂ ಸಮ, ಸಮ!" ಸೈಫ್ ಸಿಡಿದ. "ನನ್ನ ಯೋಧನಿಗೆ ಏನು ಸಿಕ್ತು? ಅವಳು ಜಾಗ ಬಿಟ್ಟಿದ್ರೆ, ನಾನು ನಡೆಸೋ ಆಟ ಹೇಗಿರುತ್ತೆ ಅಂತ ತೋರಿಸ್ತಿದ್ದೆ." ಯಾರೂ ತಡೆಯಲಿಲ್ಲ, ಮೆಟ್ಟಿಲಿಳಿದು ಹೋದ.

"ಸರಿ, ಆದದ್ದಾಯ್ತು," ಎಂದಳು ಪದ್ಮಶ್ರೀ. "ಓಟು ಕ್ಯಾನ್ಸಲ್ ಅಂದ್ಕೊಳ್ಳೋಣ."

"ಯಾಕೆ ಕ್ಯಾನ್ಸಲ್?" ಅಂಬ್ರೀನ್ ಎದ್ದು ನಿಂತಳು. "ಅವತ್ತು ಒಂದು ಮಾತೂ ಕೇಳದೆ ಕೈ ಎತ್ತಿದ್ರಿ. ಈಗ ನನ್ನ ಮುಖ ನೋಡ್ಕೊಂಡು ಎತ್ತಿ. ನಾನು ಬೇಡ ಅನ್ನೋರು ಯಾರು?"

ವಸಂತನಿಗೆ ಮುಖ ಎತ್ತಲು ನಾಚಿಕೆಯಾಯಿತು, ಆದರೂ ಎತ್ತಿದ. "ತಪ್ಪಾಯ್ತು ಅಂಬ್ರೀನ್. ನಾನು ಕೇಳ್ಬೇಕಿತ್ತು. ನೀನೇ ನಡ್ಸು."

"ನಡೆಸ್ತೀನಿ. ನೀವು ಕೊಟ್ಟಿದ್ದಕ್ಕಲ್ಲ, ಜಾಗ ನಂದೇ ಆಗಿದ್ದಕ್ಕೆ." ಅವಳು ಪುಸ್ತಕ ಬಿಚ್ಚಿದಳು. "ಇಬ್ಬರೇ ಇದೀರ. ಇಬ್ಬರಿಗೆ ತಕ್ಕ ರಾಕ್ಷಸನ್ನ ಹತ್ತು ಸಲ ಆಡಿಸಿ ತಂದಿದೀನಿ. ಕೂತ್ಕೊಳ್ಳಿ."

ಮೋಸ ಮಾಡಿದ್ದು ಸೈಫ್ ಎಂದು ಯಾರೂ ಹೇಳುವ ಮೊದಲೇ, ಇಬ್ಬರೇ ಉಳಿಯುತ್ತಾರೆಂದು ಅವಳು ಲೆಕ್ಕ ಹಾಕಿದ್ದಳು. ವಸಂತ ನೋಟ್‌ಬುಕ್ ಎಳೆದುಕೊಂಡು ಕೂತ.