ಹೆಬ್ಬಾತಿನ ಕೊರಳಿನ ಸನ್ಯಾಸಿ

"ಹಗ್ಗ ಹಿಡಿದು ಅಭ್ಯಾಸ ಇದೆಯಾ ನಿಮಗೆ?"

ಏಣಿಯ ತುದಿಯಿಂದ ಒಟಿಲಿಯಾ ಕೇಳಿದಳು. ಕೆಳಗೆ ನಿಂತವನು ತಲೆಯೆತ್ತಿದ. ಸಪೂರ ಮೈ, ಉದ್ದ ಕತ್ತು, ಬೋಳು ನೆತ್ತಿಯ ಮೇಲೆ ಈಗಷ್ಟೇ ಚಿಗುರುತ್ತಿರುವ ಕೂದಲು. ಮಠ ಬಿಟ್ಟು ಬಂದ ಸನ್ಯಾಸಿ ಎಂದು ಯಾರೂ ಹೇಳಬೇಕಾಗಿರಲಿಲ್ಲ.

"ಇದೆ," ಎಂದ ಅವನು.

ಅದು ಸುಳ್ಳು.

ನೆಕರ್ ನದಿಯ ದಂಡೆಯ ಹೋಲ್ಡರ್‌ಬಾಕ್ ಊರು ಆ ವರ್ಷ, ಹಳೆಯ ಪಾದ್ರಿಗಳನ್ನೂ ಮಠಗಳನ್ನೂ ಒಪ್ಪದ ಹೊಸ ಕ್ರೈಸ್ತ ಬೋಧನೆಗೆ ಒಲಿದಿತ್ತು. ಚರ್ಚಿನಲ್ಲಿ ಇನ್ನು ವಿಗ್ರಹಗಳು ಬೇಡ, ಮಾಡಿಸಿದವರೋ ಮಾಡಿದವರೋ ಬಂದು ಒಯ್ಯಬಹುದು ಎಂದು ಊರಿನ ಸಭೆ ಸಾರಿತ್ತು. ಒಟಿಲಿಯಾಳ ಅಪ್ಪ ಯೋರ್ಗ್ ಹೆಸರಾಂತ ಶಿಲ್ಪಿ. ಆ ಚರ್ಚಿನ ಅರ್ಧಕ್ಕರ್ಧ ಮರದ ಸಂತರು ಅವನ ಉಳಿಯಿಂದಲೇ ಹುಟ್ಟಿದವರು. ಉಳಿದವರನ್ನು ಯಾರಾದರೂ ಒಯ್ಯಲಿ, ಸಂತ ಡೊರೊಥಿಯಾಳನ್ನು ಮಾತ್ರ ತಾನೇ ಇಳಿಸುತ್ತೇನೆಂದು ಒಟಿಲಿಯಾ ಹಟ ಹಿಡಿದು ಬಂದಿದ್ದಳು. ಅಪ್ಪ ಬಣ್ಣ ಹಾಕಲು ಅವಳಿಗೆ ಬಿಟ್ಟುಕೊಟ್ಟ ಮೊದಲ ಮುಖ ಅದು. ತೀರಿಹೋದ ಅಮ್ಮನ ಕೆನ್ನೆಯ ಕೆಂಪನ್ನು ನೆನಪಿನಿಂದ ತೆಗೆದು ಆ ಕೆನ್ನೆಗಿಟ್ಟಿದ್ದಳು.

ಮೇಲಿನ ತೊಲೆಯಿಂದ ಇಳಿಬಿಟ್ಟ ಹಗ್ಗದ ಒಂದು ತುದಿ ವಿಗ್ರಹದ ನಡುವಿಗೆ, ಇನ್ನೊಂದು ತುದಿ ಆ ಸನ್ಯಾಸಿಯ ಕೈಗೆ. ಅರ್ಧ ದಾರಿ ಎಲ್ಲವೂ ಸರಿಯಾಗಿತ್ತು. ಗಾಳಿಗೆ ಹಾರಿದ ಕೂದಲನ್ನು ಒಟಿಲಿಯಾ ಕಿವಿಯ ಹಿಂದಕ್ಕೆ ಸರಿಸಿಕೊಂಡಳು, ಅಷ್ಟೇ...

ಹಗ್ಗ ಜಾರಿತು. ಡೊರೊಥಿಯಾ ಧಡಲ್ಲನೆ ಕಲ್ಲುಹಾಸಿನ ಮೇಲೆ ಮುಖ ಅಡಿಯಾಗಿ ಬಿದ್ದಳು.

ಒಟಿಲಿಯಾ ಓಡೋಡಿ ಇಳಿದು ವಿಗ್ರಹವನ್ನು ತಿರುಗಿಸಿದಳು. ಮೂಗು ಇರಲಿಲ್ಲ. ಅವಳ ಕಣ್ಣು ತುಂಬಿದ್ದನ್ನು ಕಂಡು ಸನ್ಯಾಸಿ ಕಂಗಾಲಾದ. ಏನಾದರೂ ಸಮಾಧಾನ ಹೇಳಬೇಕೆಂದು ತಡಬಡಾಯಿಸಿ, ಹೇಳಬಾರದ್ದನ್ನೇ ಹೇಳಿದ.

"ಹೋಗ್ಲಿ ಬಿಡಿ... ಮರ ತಾನೇ."

ಅವಳು ಎದ್ದು ನಿಂತಳು. ಓಹೋ, ಇವನೂ ವಿಗ್ರಹ ಬೇಡವೆನ್ನುವವರಲ್ಲೊಬ್ಬ. ಬೇಕಂತಲೇ ಬೀಳಿಸಿದ್ದಾನೆ.

"ನಿಮ್ಮ ತಲೆಯಲ್ಲಿರೋದೂ ಅದೇ," ಎಂದವಳೇ ವಿಗ್ರಹವನ್ನು ತಳ್ಳುಗಾಡಿಗೆ ಹಾಕಿಕೊಂಡು ಹೊರಟುಹೋದಳು.

ಅವನ ಹೆಸರು ಕಿಲಿಯನ್ ಎಂದು ಆಮೇಲೆ ತಿಳಿಯಿತು. ಬೋಧಕ ವೆಂಡೆಲರು ಅವನನ್ನು ಕರೆಸಿಕೊಂಡಿದ್ದರು. ಪಾದ್ರಿಗಳು ಲ್ಯಾಟಿನ್ನಿನಲ್ಲಿ ಹಾಡುವುದನ್ನು ಕೇಳಿ ಮಾತ್ರ ಗೊತ್ತಿದ್ದ ಜನಕ್ಕೆ, ತಮ್ಮದೇ ಮಾತಿನಲ್ಲಿ ತಾವೇ ಹಾಡಲು ಕಲಿಸುವುದು ಅವನ ಕೆಲಸ. ಮಠದಲ್ಲಿ ಬೆಳೆದವನಿಗೆ ಹಾಡೊಂದು ಬಿಟ್ಟು ಬೇರೇನೂ ಬಾರದು. ಸಂತೆಗೆ ಹೋಗಿ ಈರುಳ್ಳಿಯೆಂದು ಯಾವುದೋ ಹೂವಿನ ಗೆಡ್ಡೆ ತಂದು ಬೇಯಿಸಿ ಹೊಟ್ಟೆ ಕೆಡಿಸಿಕೊಂಡನಂತೆ. ಊರಿನವರು ಇದನ್ನು ಹೇಳಿಕೊಂಡು ನಗುತ್ತಿದ್ದರು.

ಒಟಿಲಿಯಾಳಿಗೆ ನಗು ಬರಲಿಲ್ಲ. ಮನೆಯಲ್ಲಿ ಕೆಲಸ ನಿಂತಿತ್ತು. ಸಂತರು ಬೇಡವಾದ ಮೇಲೆ ಶಿಲ್ಪಿ ಯಾರಿಗೆ ಬೇಕು? ಅಪ್ಪ ದಿನವಿಡೀ ಉಳಿ ಮಸೆಯುತ್ತಾ ಕೂತಿರುತ್ತಿದ್ದ. ಪಕ್ಕದ ಬೀದಿಯಲ್ಲಿ ಅಚ್ಚುಕೂಟ ನಡೆಸುತ್ತಿದ್ದ ವಿಧವೆ ಆಫ್ರಾ ಒಂದು ದಿನ ಬಂದು, ಈಗ ಜನಕ್ಕೆ ಚಿತ್ರವಿರುವ ಹಾಳೆಗಳ ಹುಚ್ಚು, ಮರದ ಹಲಗೆಯ ಮೇಲೆ ನಗು ಬರುವ ಹಾಗೆ ಏನಾದರೂ ಕೊರೆದುಕೊಡು ಎಂದಳು.

ಒಟಿಲಿಯಾ ಯೋಚಿಸಬೇಕಾಗಲೇ ಇಲ್ಲ. ಹೆಬ್ಬಾತಿನ ಕೊರಳು, ಕುರುಚಲು ನೆತ್ತಿ, ಕೈಯಿಂದ ಎಲ್ಲವೂ ಜಾರಿ ಬೀಳುತ್ತಿರುವ ಒಬ್ಬ ಸನ್ಯಾಸಿ. ಕಾಲ ಬುಡದಲ್ಲಿ ಅವನನ್ನು ನೋಡಿ ಓಡುತ್ತಿರುವ ಬೆಕ್ಕು.

ಸಂತೆಯ ದಿನ ಹಾಳೆಗಳು ಬಿಸಿ ರೊಟ್ಟಿಯ ಹಾಗೆ ಖರ್ಚಾದವು.

ಆ ಮಧ್ಯಾಹ್ನವೇ ಕಿಲಿಯನ್ ಯೋರ್ಗನ ಅಂಗಡಿಯ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಒಂದು ಪುಟ್ಟ ಬಟ್ಟೆಯ ಗಂಟು. ಚರ್ಚಿನ ಬೆಂಚುಗಳ ಕೆಳಗೆಲ್ಲಾ ತೆವಳಿ ಹುಡುಕಿದೆ, ಕೊನೆಗೆ ಕಂಬದ ಸಂದಿಯಲ್ಲಿ ಸಿಕ್ಕಿತು ಎಂದು ಗಂಟು ಬಿಚ್ಚಿದ. ಒಳಗೆ ಡೊರೊಥಿಯಾಳ ಮೂಗು.

ಒಟಿಲಿಯಾ ಅದನ್ನು ಕೈಗೆತ್ತಿಕೊಂಡಳು. ಬೇಕಂತಲೇ ಬೀಳಿಸಿದವನು ಮೂಗು ಹುಡುಕಿಕೊಂಡು ತೆವಳುತ್ತಾನೆಯೇ?

ಅಷ್ಟರಲ್ಲಿ ಅವನ ಕಣ್ಣು, ಅಚ್ಚುಕೂಟದಿಂದ ಆಗಷ್ಟೇ ಮರಳಿ ಮೇಜಿನ ಮೇಲಿದ್ದ ಚಿತ್ರದ ಹಲಗೆಯತ್ತ ಹೋಯಿತು. ಮಸಿ ಇನ್ನೂ ಆರಿರಲಿಲ್ಲ. ಅವನು ಬಹಳ ಹೊತ್ತು ನೋಡಿದ. ಅವಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಕತ್ತು ಸರಿಯಾಗೇ ಬಂದಿದೆ," ಎಂದ ನಗುತ್ತಾ. ಆದರೆ ಕಿವಿಗಳು ಕೆಂಪಾಗಿದ್ದವು.

"ಹಗ್ಗ ಯಾಕೆ ಬಿಟ್ರಿ?" ಅವಳು ತಟ್ಟನೆ ಕೇಳಿಬಿಟ್ಟಳು.

"ಹಗ್ಗದ ಕಡೆ ನೋಡ್ತಿರ್ಲಿಲ್ಲ."

"ಮತ್ತೆ ಎಲ್ಲಿ ನೋಡ್ತಿದ್ರಿ?"

ಅವನ ಕಿವಿಯ ಕೆಂಪು ಕತ್ತಿನುದ್ದಕ್ಕೂ ಇಳಿಯಿತು. ಆ ಕತ್ತು ಉದ್ದವಾಗಿದ್ದುದರಿಂದ ಇಳಿಯಲು ಸಾಕಷ್ಟು ಸಮಯ ಹಿಡಿಯಿತು. ಅಷ್ಟರಲ್ಲಿ ಒಟಿಲಿಯಾಳಿಗೆ ಎಲ್ಲವೂ ಅರ್ಥವಾಗಿತ್ತು.

ಅಯ್ಯೋ... ನಾನೇನು ಮಾಡಿಬಿಟ್ಟೆ!

ಆಮೇಲೆ ಕಿಲಿಯನ್ ಆಗಾಗ ಬರತೊಡಗಿದ. ಮೂಗು ಅಂಟಿತೇ ಎಂದು ನೋಡಲು ಒಮ್ಮೆ, ಅಂಟು ಒಣಗಿತೇ ಎಂದು ನೋಡಲು ಇನ್ನೊಮ್ಮೆ. ಯೋರ್ಗ್ ಅವನಿಗೆ ಬಟಾಣಿ ಗಂಜಿ ಬಡಿಸಿ, ಗಂಟು ಹಾಕುವುದನ್ನೂ ಈರುಳ್ಳಿ ಗುರುತಿಸುವುದನ್ನೂ ಕಲಿಸಿದ. ಒಟಿಲಿಯಾ ಹೊಸ ಹಾಡಿನ ಹಾಳೆಗೆ ಅಂಚಿನ ಹೂಬಳ್ಳಿ ಕೊರೆಯುವಾಗ ಅವನು ಪಕ್ಕದಲ್ಲಿ ಕೂತು ಆ ಹಾಡನ್ನೇ ಮೆಲ್ಲಗೆ ಗುನುಗುತ್ತಿದ್ದ. ಅವಳ ಉಳಿ ಅವನ ತಾಳಕ್ಕೇ ಹೆಜ್ಜೆ ಹಾಕುತ್ತಿತ್ತು. ಅಪ್ಪ ಮಾತ್ರ ಮೀಸೆಯಲ್ಲೇ ನಗುತ್ತಿದ್ದ.

ಆದರೆ ಚಿತ್ರ ಊರು ಬಿಟ್ಟು ಹೋಗಲಿಲ್ಲ. ಕಿಲಿಯನ್ ಚರ್ಚಿನಲ್ಲಿ ಹಾಡಲು ಬಾಯಿ ತೆರೆದರೆ ಹಿಂದಿನ ಬೆಂಚಿನಿಂದ ಯಾರೋ ಬಾತಿನ ಹಾಗೆ ಕೂಗುತ್ತಿದ್ದರು. ಒಬ್ಬರ ನಗು ಇನ್ನೊಬ್ಬರಿಗೆ ಅಂಟಿ, ಹಾಡು ಅಲ್ಲೇ ಸಾಯುತ್ತಿತ್ತು. ಅದನ್ನು ಅವನು ಅವಳೆದುರು ಎಂದೂ ಆಡಲಿಲ್ಲ.

ಸುದ್ದಿ ತಂದವಳು ಆಫ್ರಾ. ಜನರ ನಗೆಪಾಟಲಿಗೆ ಗುರಿಯಾದವನಿಂದ ಜನಕ್ಕೆ ಹಾಡು ಕಲಿಸಲಾಗದು, ಈ ಭಾನುವಾರ ಮುಗಿಸಿ ಬೇರೆ ಊರು ನೋಡಿಕೊಳ್ಳಲಿ ಎಂದು ಸಭೆ ತೀರ್ಮಾನಿಸಿದೆಯಂತೆ. ಕಿಲಿಯನ್ ಮರುಮಾತಿಲ್ಲದೆ ಒಪ್ಪಿದನಂತೆ.

ಒಟಿಲಿಯಾ ಉಳಿಯನ್ನು ಕೆಳಗಿಟ್ಟಳು. ನಿನ್ನೆ ಇಲ್ಲೇ ಕೂತು ಗಂಜಿ ಕುಡಿದನಲ್ಲ, ಒಂದು ಮಾತೂ ಹೇಳಲಿಲ್ಲವಲ್ಲ! ಹೋಗುವುದು ಅವನಿಗೂ ಬೇಕಾಗಿತ್ತೇನೋ... ನಾನೇ ಏನೇನೋ ಅಂದುಕೊಂಡೆನೇನೋ...

ಅವಳು ಮುಖ ತಿರುಗಿಸಿಕೊಂಡಿದ್ದನ್ನು ಯೋರ್ಗ್ ನೋಡಿದ.

"ಯಾಕೆ ಹೇಳ್ಲಿಲ್ಲ ಅಂತ ಯೋಚಿಸ್ತಿದೀಯಾ ಮಗಳೇ?" ಎಂದ. "ಹೇಳಿದ್ರೆ ಆ ಚಿತ್ರದ ತಪ್ಪು ನಿನ್ನ ತಲೆ ಮೇಲೆ ಬರುತ್ತೆ ಅಂತ. ಯಾರು ಕೊರೆದಿದ್ದು ಅಂತ ಸಭೆಯೋರು ಕೇಳಿದ್ರಂತೆ. ಗೊತ್ತಿಲ್ಲ ಅಂದನಂತೆ, ಪುಣ್ಯಾತ್ಮ."

ಭಾನುವಾರ ಚರ್ಚು ಕಿಕ್ಕಿರಿದಿತ್ತು. ಕಿಲಿಯನ್ ಮುಂದೆ ಬಂದು ನಿಂತ. ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಬಾತು ಕೂಗಿತು. ಕಿಸಕಿಸ ನಗು ಶುರುವಾಯಿತು.

ಆಗ ಹೆಂಗಸರ ಕಡೆಯಿಂದ ಒಟಿಲಿಯಾ ಎದ್ದು ನಿಂತಳು.

"ಆ ಚಿತ್ರ ಕೊರೆದವಳು ನಾನು," ಎಂದಳು. "ಕೋಪದಲ್ಲಿ ಕೊರೆದೆ. ಅವರದು ತಪ್ಪಿರಲಿಲ್ಲ. ನಗೋದಾದ್ರೆ ಈಗ ನನ್ನನ್ನ ನೋಡಿ ನಗಿ."

ಹೇಳಿದವಳೇ, ಅಂಗಡಿಯಲ್ಲಿ ಅವನು ಗುನುಗುತ್ತಿದ್ದ ಹಾಡನ್ನೇ ಹಾಡತೊಡಗಿದಳು.

ಒಟಿಲಿಯಾಳ ಕಂಠ ಹೇಗಿತ್ತೆಂದರೆ, ಅಂಗಡಿಯಲ್ಲಿ ಅವಳು ಗುನುಗಿದರೂ ಅಪ್ಪ ಕೈಮುಗಿದು ನಿಲ್ಲಿಸುತ್ತಿದ್ದ. ಶ್ರುತಿ ಒಂದು ಕಡೆ, ಅವಳು ಒಂದು ಕಡೆ. ಬೋಧಕ ವೆಂಡೆಲರು ಕಣ್ಣು ಮುಚ್ಚಿಕೊಂಡರು. ಜನ ನಕ್ಕರು. ಅವಳು ನಿಲ್ಲಿಸಲಿಲ್ಲ. ಎರಡನೆಯ ಸಾಲಿಗೆ ಯೋರ್ಗ್ ಎದ್ದು ತನ್ನ ಗಡಸು ದನಿ ಸೇರಿಸಿದ. ಮಗಳ ಮಾನ ಉಳಿಸಲೋ, ಹಾಡಿನ ಮಾನ ಉಳಿಸಲೋ, ಅವನಿಗೇ ಗೊತ್ತು. ಆಮೇಲೆ ಆಫ್ರಾ. ಆಮೇಲೆ ರೊಟ್ಟಿಯಂಗಡಿಯವನ ಹೆಂಡತಿ. ಇವಳೇ ಹಾಡಬಹುದಾದರೆ ನಾವು ಯಾಕೆ ಹಾಡಬಾರದು ಅನ್ನಿಸಿತೋ ಏನೋ, ಒಂದೊಂದೇ ಬೆಂಚು ಎದ್ದು ನಿಂತಿತು. ಕಿಲಿಯನ್‌ನ ದನಿ ಅವರೆಲ್ಲರನ್ನೂ ಎತ್ತಿಕೊಂಡು ಮೇಲಕ್ಕೆ ಹೋಯಿತು. ಬಾತು ಕೂಗಿದವನೂ ಹಾಡುತ್ತಿದ್ದ.

ಹಾಡು ಮುಗಿದಾಗ ಸಭೆಯ ಮುಖ್ಯಸ್ಥರು ಗಂಟಲು ಸರಿಮಾಡಿಕೊಂಡು, ಬೇರೆ ಊರಿನ ಮಾತು ಸದ್ಯಕ್ಕೆ ಬೇಡ ಎಂದರು.

ಚರ್ಚಿನ ಹೊರಗೆ, ಲಿಂಡನ್ ಮರದ ನೆರಳಿನಲ್ಲಿ ಕಿಲಿಯನ್ ಅವಳಿಗಾಗಿ ಕಾಯುತ್ತಿದ್ದ.

"ನೀವು ಹಾಡಿದ್ದು..." ಎಂದು ಶುರುಮಾಡಿದ.

"ಕೆಟ್ಟದಾಗಿತ್ತು. ಗೊತ್ತು."

"ತುಂಬಾ ಕೆಟ್ಟದಾಗಿತ್ತು." ಅವನು ಉಸಿರೆಳೆದುಕೊಂಡ. "ಜೀವಮಾನವಿಡೀ ಕೇಳ್ತಾ ಇರ್ಬೇಕು ಅನ್ನಿಸ್ತು. ಇದನ್ನೆಲ್ಲ ಹೇಗೆ ಕೇಳ್ತಾರೋ ನನಗೆ ಗೊತ್ತಿಲ್ಲ, ಒಟಿಲಿಯಾ. ಮಠದಲ್ಲಿ ಕಲಿಸ್ಲಿಲ್ಲ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ದೂರದಲ್ಲಿ ಅಪ್ಪ ಇತ್ತ ನೋಡಿಯೂ ನೋಡದವನ ಹಾಗೆ ಮೋಡ ಎಣಿಸುತ್ತಿದ್ದ.

"ಊಟಕ್ಕೆ ಹೊತ್ತಾಯ್ತು," ಎಂದಳು.

ಅವನ ಮುಖ ಸಣ್ಣಗಾಯಿತು. "ಉತ್ತರ ಹೇಳ್ಲಿಲ್ಲ ನೀವು."

ಒಟಿಲಿಯಾ ಅವನ ಕೈ ಹಿಡಿದುಕೊಂಡಳು. ಇಷ್ಟು ದಿನ ಬಹುವಚನದಲ್ಲೇ ಮಾತಾಡಿಸುತ್ತಿದ್ದವಳು, ಮೊದಲ ಬಾರಿಗೆ ಅವನ ಕಣ್ಣಲ್ಲಿ ಕಣ್ಣಿಟ್ಟು ಮೆಲ್ಲಗೆ ಹೇಳಿದಳು:

"ನಡಿಯೋ, ಮನೆಗೆ ಹೋಗೋಣ."