ಎದ್ದು ನಿಂತ ಬುಡ

"ನೀವಿಬ್ಬರು ಅಣ್ಣತಮ್ಮಂದಿರಾ?"

ಮರಗಳ ಹಾಡಿಯ ಯಜಮಾನರಾದ ಕರುಣಾಕರ ಹೀಗೆ ಕೇಳಿದಾಗ ದುರ್ಗೇಶನಿಗೆ ನಗು ಬಂತು. ಮರ ಕಡಿಯಲು ಬಂದವರ ಜಾತಕ ಈ ಮನುಷ್ಯನಿಗೆ ಯಾಕೆ ಬೇಕು? ಮೇ ತಿಂಗಳ ಬಿರುಗಾಳಿಗೆ ಕಾರ್ಕಳದಾಚೆಯ ಅವರ ಕಾಡು ಅರ್ಧಕ್ಕರ್ಧ ಮಗುಚಿ ಬಿದ್ದಿತ್ತು. ಬಿದ್ದದ್ದನ್ನೂ ನಿಂತದ್ದನ್ನೂ ಕತ್ತರಿಸಿ ಸಾಗಿಸಲು ದುರ್ಗೇಶ ಮೆಷಿನ್ ತಂದಿದ್ದ. ಉದ್ದ ತೋಳು, ತುದಿಯಲ್ಲಿ ಕಬ್ಬಿಣದ ಇಕ್ಕಳ, ಇಕ್ಕಳದೊಳಗೇ ಗರಗಸ. ಮರವನ್ನು ಕಚ್ಚಿ ಹಿಡಿದು ನೋಡನೋಡುತ್ತಲೇ ತುಂಡು ಮಾಡುವ ರಾಕ್ಷಸ ಅದು.

"ದಾರಿಗೆ ಅಡ್ಡ ಬಿದ್ದ ಹೆಬ್ಬಲಸಿನ ಮರ ಉಂಟಲ್ಲ," ಕರುಣಾಕರ ದನಿ ತಗ್ಗಿಸಿದರು, "ಅದರ ಬುಡದಲ್ಲಿ ಮಾಟ ಹೂತದ್ದು. ನನ್ನ ಅಜ್ಜ ಸ್ವಂತ ತಮ್ಮನ ಮೇಲೆ ಮಾಡಿಸಿದ್ದು. ಕಡೆಗೆ ಆ ತಮ್ಮನ ಕತ್ತಿಗೆ ಅಜ್ಜನೇ ಬಿದ್ದರು. ಒಡಹುಟ್ಟಿದವರು ಒಟ್ಟಿಗೆ ಅಲ್ಲಿ ಕೈ ಹಾಕಿದರೆ ಒಬ್ಬ ಉಳಿಯುವುದಿಲ್ಲ. ಇನ್ನೊಬ್ಬನೇ ಕೊಲ್ಲುತ್ತಾನೆ. ಅಣ್ಣತಮ್ಮಂದಿರು ಹೌದಾದರೆ ಒಬ್ಬರು ಈಗಲೇ ಮನೆಗೆ ಹೋಗಿ."

"ಇಲ್ರೀ. ಈತ ನಮ್ಮೂರಾವ, ಅಷ್ಟ."

ಪಕ್ಕದಲ್ಲಿದ್ದ ಸಿದ್ದಣ್ಣ ತಲೆ ತಗ್ಗಿಸಿದ. ಅಪ್ಪ ಸತ್ತ ಮೇಲೆ ಹಮಾಲಿ ಮಾಡಿ ದುರ್ಗೇಶನನ್ನು ಸಾಕಿದ ಅಣ್ಣ ಅವನು. ಹೋದ ವಾರವಷ್ಟೇ ದುರ್ಗೇಶ ಅವನನ್ನು ರೋಣದ ಕಡೆಯ ಊರಿಂದ ಪರ್ಕಳದ ತನ್ನ ಬಾಡಿಗೆ ರೂಮಿಗೆ ಕರೆತಂದಿದ್ದ. ಬಸ್ಸು ಹತ್ತಿಸುವಾಗ ಅತ್ತಿಗೆ ಸೋಮವ್ವ ಹೇಳಿದ್ದಳು: "ನಿಮ್ಮಣ್ಣನ್ನ ನಿನ್ನ ಕೈಯಾಗ ಹಾಕೀನಿ. ಹೋದಂಗ ತಿರುಗಿ ಕಳಸು." "ನಾ ಅದೀನಲ್ಲ ವೈನಿ," ಎಂದಿದ್ದ ದುರ್ಗೇಶ.

"ಸುಳ್ಳ ಯಾಕ ಹೇಳಿದಿ?" ಕಾಡಿನೊಳಗೆ ನಡೆಯುತ್ತ ಸಿದ್ದಣ್ಣ ಕೇಳಿದ.

"ಅವ್ರ ಅಜ್ಜನ ಕತಿ ಕೇಳಿ ಕೆಲಸ ಬಿಡೋಣೇನು? ಇವತ್ತೊಂದಿನ ನನ್ನ ತಮ್ಮಾ ಅನಬ್ಯಾಡ. ಹೆಸರು ಹಿಡಿದು ಕರಿ. ಅವ್ರ ಮಾಟಕ್ಕೂ ಗೊತ್ತಾಗೂದಿಲ್ಲ ಬಿಡು."

ತನ್ನ ಮಾತಿಗೆ ತಾನೇ ನಕ್ಕ. ಅಣ್ಣ ನಗಲಿಲ್ಲ.

ಹೆಬ್ಬಲಸು ಬೇರು ಸಮೇತ ಕಿತ್ತು ಬಿದ್ದಿತ್ತು. ಬೇರಿನ ಮಣ್ಣು ಗೋಡೆಯ ಹಾಗೆ ಎದ್ದು ನಿಂತಿತ್ತು, ಅದರಡಿಯಲ್ಲಿ ಆಳದ ಕಪ್ಪು ಗುಂಡಿ. ಕೊಳೆತ ಎಲೆ, ಮರದ ಹಾಲು, ಡೀಸೆಲ್, ಅವುಗಳ ನಡುವೆ ಹಳೇ ರಕ್ತದ ನಾತ. ಮಧ್ಯಾಹ್ನವೇ ಮೋಡ ಕವಿದು ಕತ್ತಲಾಗಿತ್ತು. ಒಂದು ಹಕ್ಕಿಯ ಸದ್ದೂ ಇರಲಿಲ್ಲ.

"ಗುಂಡಿ ಕಡೆ ಹೋಗಬ್ಯಾಡ," ದುರ್ಗೇಶ ಕ್ಯಾಬಿನ್ನಿನಿಂದ ಕೂಗಿದ. ಕಾಂಡ ಕತ್ತರಿಸಿದರೆ ಭಾರ ತಪ್ಪಿದ ಬುಡ ತಿರುಗಿ ಎದ್ದು ಗುಂಡಿ ಮುಚ್ಚುತ್ತದೆ. ಈ ಕೆಲಸದವರಿಗೆಲ್ಲ ಗೊತ್ತಿರುವ ಸಂಗತಿ.

ಇಕ್ಕಳ ಕಾಂಡ ಕಚ್ಚಿತು. ಗರಗಸ ಅರ್ಧಕ್ಕೆ ಹೋಗಿ ಸಿಕ್ಕಿಕೊಂಡಿತು. ದುರ್ಗೇಶ ಗರಗಸ ನಿಲ್ಲಿಸಿ ಲಿವರಿನಿಂದ ಕೈ ತೆಗೆದ. ಮೆಷಿನ್ ಸುಮ್ಮನಾಯಿತೆಂದು ಸಿದ್ದಣ್ಣ ಗುಂಡಿಗೆ ಇಳಿದುಬಿಟ್ಟಿದ್ದ. ಬೇರಿನ ಸಂದಿಯಲ್ಲಿ ಏನೋ ಹೊಳೆದಿತ್ತು. ಎದುರುಬದುರು ಕಟ್ಟಿದ ಎರಡು ಮರದ ಗೊಂಬೆ. ಎರಡರ ಮೈತುಂಬ ಮೊಳೆ. ಸುತ್ತಿದ ಕೂದಲು ಇನ್ನೂ ಹಸಿಹಸಿ.

ಹೆದರಿದ ಮನುಷ್ಯನ ಬಾಯಿಗೆ ರೂಢಿಯ ಮಾತೇ ಬರುತ್ತದೆ.

"ತಮ್ಮಾ," ಎಂದು ಕರೆದ ಸಿದ್ದಣ್ಣ. "ಇಲ್ಲಿ ಬಾರೋ ತಮ್ಮಾ."

ಗರಗಸ ತಿರುಗಿತು.

ದುರ್ಗೇಶನ ಎರಡೂ ಕೈ ತೊಡೆಯ ಮೇಲಿದ್ದವು. ಸ್ವಿಚ್ ಒತ್ತಿದ. ನಿಲ್ಲಲಿಲ್ಲ. ಕೀಲಿ ಕಿತ್ತು ತೆಗೆದ. ನಿಲ್ಲಲಿಲ್ಲ. ಕಾಂಡ ಸಿಡಿಯಿತು. ಬುಡ ನರಳಿತು. ಬೇರು, ಕಲ್ಲು, ಮಣ್ಣಿನ ಗೋಡೆ ಮೆಲ್ಲಗೆ, ಆಮೇಲೆ ಒಮ್ಮೆಲೇ, ಗುಂಡಿಯ ಮೇಲೆ ಮಗುಚಿತು; ಬುಡ ಎದ್ದು ನೆಟ್ಟಗೆ ನಿಂತಿತು. ಗುಂಡಿ ಇಲ್ಲವಾಯಿತು.

ದುರ್ಗೇಶ ಕೆಳಗೆ ಹಾರಿದ. ಉಗುರು ಕಿತ್ತುಹೋಗುವಂತೆ ಕೆದರಿದ. ಬೇರಿನ ನಡುವೆ ಅಣ್ಣನ ಕೈ ಕಂಡಿತು. ಬೆರಳು ಆಡುತ್ತಿತ್ತು. ಜೀವ ಇತ್ತು! ಬುಡ ಎತ್ತುವುದು ಒಬ್ಬನಿಂದ ಆಗುವ ಕೆಲಸವಲ್ಲ. ಮೆಷಿನ್ ಒಂದೇ ದಾರಿ. ತಾನು ಮುಟ್ಟಿದರೆ ಕೊಲ್ಲುತ್ತೇನೆ, ಮುಟ್ಟದಿದ್ದರೆ ಉಸಿರುಗಟ್ಟುತ್ತಾನೆ. ಅಳುತ್ತ ಕ್ಯಾಬಿನ್ನಿಗೆ ಹತ್ತಿದ. ಕೀಲಿ ಇಲ್ಲದೆಯೂ ಇಂಜಿನ್ ಓಡುತ್ತಲೇ ಇತ್ತು. ಇಕ್ಕಳ ಇಳಿಸಿದ. ಬುಡ ಕಚ್ಚಿ ಪಕ್ಕಕ್ಕೆ ಎಳೆದ. ಮಣ್ಣು ಬಿರಿಯಿತು. ಅಣ್ಣನ ಮುಖ ಹೊರಬಂತು. ಎದೆ ಹೊರಬಂತು. ಕಣ್ಣು ಬಿಟ್ಟಿದ್ದ. ಉಸಿರೆಳೆದ.

ದುರ್ಗೇಶ ಲಿವರು ಬಿಟ್ಟ.

ಇಕ್ಕಳ ಬುಡವನ್ನು ಬಿಟ್ಟಿತು. ಕೆಳಗೆ ಬಾಗಿತು. ಸಿದ್ದಣ್ಣನ ಎದೆಯ ಮೇಲೆ ಬಾಯಿ ಮುಚ್ಚಿತು. ಎಲುಬು ಮುರಿಯುವ ಸದ್ದು ಇಂಜಿನಿನ ಸದ್ದನ್ನೂ ಮೀರಿ ಕೇಳಿತು. ಗರಗಸ ಮತ್ತೆ ತಿರುಗಿತು. ಕ್ಯಾಬಿನ್ನಿನ ಗಾಜಿನ ತುಂಬ ಬಿಸಿ ರಕ್ತ ಚಿಮ್ಮಿತು.

ಆಮೇಲೆ ಇಂಜಿನ್ ತಾನಾಗಿಯೇ ನಿಂತಿತು.

ಕೂಗು ಕೇಳಿ ಕರುಣಾಕರ ಓಡಿಬಂದರು. ದುರ್ಗೇಶ ಕೆಳಗೆ ಕೂತಿದ್ದ, ಅಣ್ಣನ ತಲೆ ತೊಡೆಯ ಮೇಲಿತ್ತು. ಎದೆಯಿಂದ ಕೆಳಗಿನದು ಇನ್ನೂ ಇಕ್ಕಳದಲ್ಲಿತ್ತು. ಕರುಣಾಕರ ಪಕ್ಕದ ಮಣ್ಣಿನಲ್ಲಿ ಬಿದ್ದಿದ್ದ ಗೊಂಬೆಗಳನ್ನು ನೋಡಿದರು. ಒಂದು ನಡುವಿಗೆ ತುಂಡಾಗಿತ್ತು.

"ಇವರು ನಿಮಗೆ ಎಂತ ಆಗಬೇಕು?"

"ಅಣ್ಣ," ಅಂದ ದುರ್ಗೇಶ. "ನಮ್ಮಣ್ಣ ರೀ."

ಅವರು ಹೆಗಲ ಬೈರಾಸು ತೆಗೆದು ಸಿದ್ದಣ್ಣನ ಮುಖ ಮುಚ್ಚಿದರು.

"ಬೆಳಿಗ್ಗೆ ಅದನ್ನೊಂದು ಹೇಳಬಾರದಿತ್ತಾ ಮಾರಾಯ."